ಮಾಯಬಾರದ ಗಾಯ

ಕಟುಕನ ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ತೂಕದ ವಿಷಯಕ್ಕೆ ತಕರಾರು ತೆಗೆದ ಗಿರಾಕಿಯೊಬ್ಬನ ಎರಡು ಹಲ್ಲು ಉದುರಿಸಿದ್ದ. ಪಕ್ಕದ ಅಂಗಡಿಯವನ ಕೈ ಮುರಿದು, ಆಮೇಲೆ ತಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ. ಅವನ ಬೆರಳುಗಳ ತುಂಬ ಕತ್ತಿಯ ಹಳೆಯ ಗೆರೆಗಳು. "ನಂದು ಗಟ್ಟಿ ಮೈ, ಎಂಥ ಗಾಯ ಆದ್ರೂ ಮೂರೇ ದಿನಕ್ಕೆ ಮಾಯುತ್ತೆ" ಎಂದು ಜಂಬ ಕೊಚ್ಚುತ್ತಿದ್ದ. ಆ ಜಂಬವೇ ಅವನಿಗೆ ಮುಳುವಾಯಿತು.

ಕಣ್ಣೊಳಗಿನ ಒತ್ತಡ ಏರಿಸುವ ಗ್ಲಾಕೋಮಾ ಅವನ ಎಡಗಣ್ಣನ್ನು ಸದ್ದಿಲ್ಲದೆ ನುಂಗಿತ್ತು. ಉಳಿದಿದ್ದ ಬಲಗಣ್ಣಿಗೆ ಡಾಕ್ಟರಮ್ಮ ಆಪರೇಷನ್ ಮಾಡಿದರು. ಒಳಗೆ ಕಟ್ಟಿಕೊಂಡ ನೀರು ಹರಿಯಲೆಂದು ಮೇಲ್ರೆಪ್ಪೆಯ ಅಡಿಯಲ್ಲಿ ಸಣ್ಣ ದಾರಿ ಬಿಡಿಸಿದರು.

"ಈ ಗಾಯ ಪೂರ್ತಿ ಮಾಯಬಾರದು. ಮಾಯ್ದು ಗಂಟುಕಟ್ಟಿದ್ರೆ ದಾರಿ ಮುಚ್ಚಿಹೋಗುತ್ತೆ, ಕಣ್ಣೂ ಹೋಗುತ್ತೆ. ಅದನ್ನ ತಡೆಯೋಕೇ ಈ ಹನಿ. ನಾನು ಹೇಳೋವರೆಗೂ ನಿಲ್ಲಿಸಬೇಡಿ" ಎಂದರು.

ಹನಿ ಹಾಕಲೆಂದೇ ಅವನ ಅಕ್ಕ ತನ್ನ ಹೊಲಿಗೆ ಅಂಗಡಿಗೆ ಬೀಗ ಜಡಿದು ಅವನ ಮನೆಗೆ ಬಂದು ಉಳಿದಳು. ಎರಡು ಗಂಟೆಗೊಮ್ಮೆ ಮಾಂಸದಂಗಡಿಗೇ ನುಗ್ಗಿ, ಗಿರಾಕಿಗಳ ಮುಂದೆಯೇ ಅವನ ಗದ್ದ ಹಿಡಿದು ತಲೆ ಎತ್ತಿಸುತ್ತಿದ್ದಳು. ಜನ ಮುಸಿಮುಸಿ ನಗುತ್ತಿದ್ದರು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೇ ವಾರ ಕಣ್ಣಿನ ಕೆಂಪು ಇಳಿಯಿತು.

"ಮಾಯ್ದಿದೆ, ಸಾಕು" ಎಂದ.

"ಮಾಯಬಾರದು ಅಂತಾನೇ ಹನಿ ಹಾಕ್ತಿರೋದು ಕಣೋ."

"ಮಾಂಸದ ವಿಷಯ ನನಗೇ ಹೇಳಿಕೊಡ್ತೀಯಾ?"

ಅಕ್ಕ ಗದ್ದಕ್ಕೆ ಕೈ ಹಾಕಿದಳು. ಅವನು ಬೀಸಿ ಹೊಡೆದ. ಎಲುಬು ಕಡಿಯುವ ಕೈ ಅದು. ಅಕ್ಕ ಮಾಂಸ ಕಡಿಯುವ ಕೊರಡಿನ ಮೇಲೆ ಬಿದ್ದಳು, ತುಟಿ ಸೀಳಿ ರಕ್ತ ಧಾರೆಯಾಗಿ ಸುರಿಯಿತು. ಅಷ್ಟಕ್ಕೂ ತಣಿಯದ ಆ ಮೂರ್ಖ ಹನಿ ಬಾಟಲಿಯನ್ನು ಕಾಲಲ್ಲಿ ತುಳಿದು ಪುಡಿಮಾಡಿದ. ಅಕ್ಕನ ತುಟಿಗೆ ನಾಲ್ಕು ಹೊಲಿಗೆ ಬಿದ್ದವು, ಹನಿ ಅಲ್ಲಿಗೇ ನಿಂತಿತು.

ಎರಡು ವಾರದಲ್ಲೇ ದೀಪದ ಸುತ್ತ ಬಣ್ಣದ ಬಳೆಗಳು ಕಾಣಿಸತೊಡಗಿದವು. ನೀರು ಕಟ್ಟಿಕೊಂಡು ಕಣ್ಣು ಕಲ್ಲಿನಂತೆ ಗಟ್ಟಿಯಾಯಿತು. ನೋವು ತಾಳಲಾರದೆ ಅವನು ತಕ್ಕಡಿಯನ್ನು ಗೋಡೆಗೆ ಬೀಸಿ ಒಡೆದ, ಗೋಡೆಗೆ ತಲೆ ಚಚ್ಚಿಕೊಂಡ. ಕೊರಳಪಟ್ಟಿ ಹಿಡಿದು ಆಸ್ಪತ್ರೆಗೆ ಎಳೆದೊಯ್ದವಳೂ ಅಕ್ಕನೇ.

"ಗಂಟನ್ನ ಸೂಜಿಯಿಂದ ಬಿಡಿಸಬೇಕು. ಕೊಸರಾಡಿದ್ರೆ ಸೂಜಿ ಒಳಗೆ ಹೋಗುತ್ತೆ" ಎಂದರು ಡಾಕ್ಟರಮ್ಮ.

ಅಕ್ಕ ಹಿಂದೆ ನಿಂತು ಅವನ ತಲೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಅವನು ಹೆದರಿದ್ದ, ಜೀವನದಲ್ಲಿ ಮೊದಲ ಸಲ. ಸೂಜಿ ಗಂಟನ್ನು ಸೀಳುವಾಗ ಉಸಿರೂ ಬಿಡಲಿಲ್ಲ. ನೀರು ಹರಿಯಿತು, ಕಣ್ಣು ಮೆದುವಾಯಿತು. ಹನಿ ಮತ್ತೆ ಶುರುವಾಯಿತು. ಅಕ್ಕ ಕರೆಯುವ ಮೊದಲೇ ಅವನು ಗದ್ದ ಎತ್ತಿ ಕೂರುತ್ತಿದ್ದ.

ತಿಂಗಳು ಕಳೆದು ಡಾಕ್ಟರಮ್ಮ "ದಾರಿ ತೆರೆದೇ ಇದೆ, ಕಣ್ಣು ಉಳೀತು" ಎಂದ ದಿನವೇ ಅಕ್ಕ ಬಟ್ಟೆ ಚೀಲಕ್ಕೆ ತುಂಬಿದಳು. ಬಾಟಲಿಯನ್ನು ಅವನ ಕೈಗಿಟ್ಟಳು.

"ಇನ್ನು ನೀನೇ ಹಾಕ್ಕೋ."

"ಅಕ್ಕಾ, ತಪ್ಪಾಯ್ತು."

"ಗೊತ್ತು. ಆದ್ರೆ ನೀನು ಕೈ ಎತ್ತಿದಾಗೆಲ್ಲ ನನಗೆ ಮೈ ನಡುಗುತ್ತೆ ಕಣೋ. ಇನ್ನು ಬರಲ್ಲ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವನು ಬಾಗಿಲಲ್ಲೇ ನಿಂತ. ಅಕ್ಕ ತಿರುಗಿ ನೋಡಲಿಲ್ಲ. ಅವಳು ಬೀದಿಯ ಕೊನೆ ದಾಟುವವರೆಗೂ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಿಸುತ್ತಿತ್ತು.