ಸಣ್ಣ ಸೂಟಿಯ ಗಂಟೆ

ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಎಲ್ಲಿ ಕೇಳಿದರೂ ನನ್ನ ಬಲಗೈ ತಾನಾಗಿ ಎದೆಗೆ ಬರುತ್ತದೆ. ಹುಬ್ಬಳ್ಳಿಯ ಗ್ಯಾರೇಜುಗಳ ಮುಂದೆ ಹಾಯುವಾಗಲೂ ಹಾಗೆಯೇ. ಶಾಲೆಯ ಗಂಟೆಯೆಂದು ಬೇವಿನ ಟೊಂಗೆಗೆ ತೂಗುಬಿಟ್ಟ ರೈಲು ಕಂಬಿಯ ತುಂಡು ಕಣ್ಣಿಗೆ ಕಟ್ಟುತ್ತದೆ, ಆಮೇಲೆ ನೀಲವ್ವ ಚಿಗವ್ವನ ಕೈ. ನಿಮ್ಮ ಶಾಲೆಯ ಗಂಟೆಯೂ ನಿಮಗೆ ನೆನಪಿರಬಹುದು. ಅದು ಆಟಕ್ಕೆ ಕರೆದ ಸದ್ದಾಗಿಯೇ ಉಳಿದಿದ್ದರೆ ನೀವು ಪುಣ್ಯವಂತರು.

ನವಲಗುಂದದ ಕಡೆಯ ನಮ್ಮೂರಲ್ಲಿ ಕಾಕಾನ ಮನೆಗೂ ಶಾಲೆಗೂ ನಡುವೆ ಒಂದೇ ಮಣ್ಣಿನ ಗೋಡೆ. ನಾನು ಬೆಳೆದದ್ದು ಆ ಮನೆಯಲ್ಲಿ. ಪಡಸಾಲೆಯ ತುಂಬ ಬಿಡಿಸಿದ ಹತ್ತಿ ಇರುತ್ತಿತ್ತು. ಅದರಲ್ಲಿ ಮುಖ ಹುದುಗಿಸಿದರೆ ಬಿಸಿಲಿನ ವಾಸನೆ. ಒಳಗೆ ಕಾಕಾನ ಹೆಂಡತಿ ನೀಲವ್ವ ಚಿಗವ್ವ ರೊಟ್ಟಿ ಬಡಿಯುವ ಸದ್ದು. ಶಾಲೆಯಲ್ಲಿ ಆಟಕ್ಕೆ ಬಿಡುವ ಸಣ್ಣ ಸೂಟಿಯ ಗಂಟೆಯಾದರೆ ಆ ಸದ್ದು ನಿಲ್ಲುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ಚಿಗವ್ವ ಹಿಟ್ಟಿನ ಕೈಯಲ್ಲೇ ಗೋಡೆಯ ಹತ್ತಿರ ಬಂದು ನಮ್ಮ ಆಟ ನೋಡುತ್ತಿದ್ದಳು.

ಆಡುತ್ತಿದ್ದವರು ಊರೊಳಗಿನ ಮಕ್ಕಳು ಮಾತ್ರ. ಊರ ಹೊರಗಿನ ಕೇರಿಯಿಂದ ಬರುವ ಮಕ್ಕಳು ಆ ಹೊತ್ತಿನಲ್ಲಿ ಕೋಣೆಗಳನ್ನು ಗುಡಿಸಬೇಕಿತ್ತು. ಯಾರೂ ಹೇಳುವ ಅಗತ್ಯವಿರಲಿಲ್ಲ. ಗಂಟೆಯಾದರೆ ನಾವು ಹೊರಗೆ, ಅವರ ಕೈಗೆ ಕಸಬರಿಗೆ. ನನ್ನ ವರ್ಗದ ದುರಗಿ ಕಿಟಕಿಯ ಸರಳು ಹಿಡಿದು ನಮ್ಮ ಮುಟ್ಟಾಟ ನೋಡುತ್ತ, ನಿಂತಲ್ಲೇ ಕಾಲು ಕುಣಿಸುತ್ತಿದ್ದಳು. ಒಂದು ದಿನ ಕಸಬರಿಗೆ ಎಸೆದು ಹೊರಗೆ ಓಡಿಬಂದೇಬಿಟ್ಟಳು. ಮಾಸ್ತರರು ಬೆನ್ನಟ್ಟಿ ಜಡೆ ಹಿಡಿದೆಳೆದರು. ಅವಳ ಹಣೆ ಕಲ್ಲಿನ ಮೆಟ್ಟಿಲಿಗೆ ಬಡಿದು ರಕ್ತ ಕಣ್ಣಿಗಿಳಿಯಿತು.

ಚಿಗವ್ವ ಗೋಡೆ ಹತ್ತಿ ಇತ್ತ ಧುಮುಕಿದಳು.

"ಮಾಸ್ತರ್ರ, ಸೂಟಿ ಎಲ್ಲಾ ಮಕ್ಕಳಿಗೇನ್ರಿ, ಅರ್ಧಾ ಮಕ್ಕಳಿಗೇನ್ರಿ?"

"ನೀವು ಮನೀಗೆ ನಡ್ರಿ ಅಕ್ಕಾರ. ಇದು ಸಾಲಿ ಕೆಲಸ."

"ಸಾಲಿ ಕೆಲಸಕ್ಕ ಪಗಾರ ನಿಮಗೈತಲ್ರಿ, ನೀವ ಗುಡಿಸ್ರಿ!"

ದೊಡ್ಡ ಹುಡುಗರು ಕಿಸಕ್ಕನೆ ನಕ್ಕರು. ಚಿಗವ್ವ ಬೇವಿನ ಬುಡದಲ್ಲಿದ್ದ ಕಬ್ಬಿಣದ ಸರಳನ್ನು ಎತ್ತಿಕೊಂಡು ಕಂಬಿಗೆ ಬಡಿಯತೊಡಗಿದಳು. "ಹೊರಗ ಬರ್ರಿ, ಎಲ್ಲಾರೂ ಬರ್ರಿ! ಇದು ನಿಮ್ಮ ಸೂಟಿನೂ ಹೌದು!"

ಸದ್ದಿಗೆ ಊರ ಮಂದಿ ಕೂಡಿತು. ಅವರನ್ನು ಸೀಳಿಕೊಂಡು ಕಾಕಾ ಬಂದ. "ಊರಾಗ ನನ್ನ ಮರ್ಯಾದಿ ತಗದಿ ಬೇ!" ಎಂದು ಸರಳು ಕಸಿದುಕೊಂಡು ಅವಳ ಬಲಗೈಗೇ ಹೊಡೆದ. ಕಂಬಿಯ ಗುಂಯ್‌ಗುಡುವಿಕೆ ಇನ್ನೂ ಅಡಗಿರಲಿಲ್ಲ. ಅದರೊಳಗೇ ಎಲುಬು ಮುರಿದದ್ದು ಕೇಳಿಸಿತು. ಅವಳು ಬೇರಿನ ಮೇಲೆ ಬಿದ್ದಳು. ಅವನು ಮತ್ತೆ ಹೊಡೆದ. ಸಂತೆಯಿಂದ ನನಗೆ ಚುರಮರಿ ತರುತ್ತಿದ್ದ ಕೈ ಅದು. ಇಂದಿಗೂ ಆ ಕೈ ನನ್ನ ಕಣ್ಣೊಳಗೆ ಮೇಲೇಳುತ್ತದೆ, ಪ್ರತಿ ಸಲವೂ ಯಾರಾದರೂ ಹಿಡಿದಾರು ಎಂದು ಕಾಯುತ್ತೇನೆ. ಯಾರೂ ಹಿಡಿಯುವುದಿಲ್ಲ.

ಮರುದಿನ ಕೇರಿಯ ಹೆಂಗಸರು, ಹಣೆಗೆ ಅರಿವೆ ಕಟ್ಟಿದ ದುರಗಿಯನ್ನು ಮುಂದಿಟ್ಟುಕೊಂಡು ಶಾಲೆಯ ಬಾಗಿಲಲ್ಲಿ ಕುಳಿತರು. ಅಂದು ಮಾಸ್ತರರು ಯಾರ ಕೈಗೂ ಕಸಬರಿಗೆ ಕೊಡಲಿಲ್ಲ. ಸಂಜೆ, ಬಿದಿರ ಸೀಳು ಕಟ್ಟಿದ ಕೈಯನ್ನು ಹತ್ತಿಯ ಮೇಲಿಟ್ಟುಕೊಂಡು ಮಲಗಿದ್ದ ಚಿಗವ್ವ ಕೇಳಿದ್ದು ಒಂದೇ.

"ದುರಗಿ ಆಡಿದ್ಲನ?"

"ಹೂಂ. ಒಬ್ಬಾಕೀನ ಓಡಿದ್ಲು."

"ಯಾರೂ ಮುಟ್ಟಲಿಲ್ಲ?"

ಇಲ್ಲವೆಂದು ತಲೆಯಾಡಿಸಿದೆ.

"ಹಂಗಾದ್ರ ಅದೆಂಥಾ ಆಟ? ನಾಳಿ ನೀ ಮುಟ್ಟು."

ಚಿಗವ್ವನ ಕೈ ಮತ್ತೆ ನೆಟ್ಟಗಾಗಲಿಲ್ಲ. ಎಡಗೈಯಲ್ಲಿ ಬಡಿದ ಅವಳ ರೊಟ್ಟಿ ಕಡೆತನಕ ಸೊಟ್ಟಗೇ ಇರುತ್ತಿತ್ತು. ಈಗ ಅವಳಿಲ್ಲ, ಕಾಕಾನೂ ಇಲ್ಲ. ಮನೆ ಬಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ನನ್ನಲ್ಲಿ ಉಳಿದಿರುವುದು ಆ ನಾಳೆಯ ಸಣ್ಣ ಸೂಟಿ.

ಗಂಟೆಯಾಯಿತು. ದುರಗಿ ಮತ್ತೆ ಒಬ್ಬಳೇ ಬೇವಿನ ಸುತ್ತ ಓಡುತ್ತಿದ್ದಳು. ಹಿಂದಿನಿಂದ ಓಡಿಹೋಗಿ ಅವಳ ಬೆನ್ನು ಮುಟ್ಟಿದೆ. ಅವಳು ಚೀರಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಹೊಡೆತವಲ್ಲ, ಆಟ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಒಳಗೆ ಕರೆಯುವ ಗಂಟೆಯಾಯಿತು.