ಮೌಸಿನ ಚಕ್ರಕ್ಕೆ ಲಗಾಮು ಹಾಕುವವನು

ನಾರಿನ್ ಪಟ್ಟಣದ ದಾಖಲೆ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತೊಲೊಗೊನ್, ಪ್ರಿಂಟರ್ ಕೆಟ್ಟಿದೆ ಎಂದು ಕರೆದರೂ ಮೊದಲು ಮೌಸಿನ ಚಕ್ರ ತಿರುಗಿಸಿ ನೋಡುತ್ತಾನೆ. "ಇದು ಲಗಾಮಿಲ್ಲದ ಕುದುರೆ ಕಣಪ್ಪ" ಎಂದು ಗೊಣಗಿ, ತಾನೇ ಬರೆದ ಪುಟ್ಟ ಪ್ರೋಗ್ರಾಂ ಹಾಕಿ ಚಕ್ರದ ವೇಗ ತಿದ್ದುತ್ತಾನೆ. ಅವಸರದ ಮೇಲಧಿಕಾರಿಗೆ ಒಂದು ತಿರುವಿಗೆ ತೆರೆಯ ಮೇಲೆ ಇಪ್ಪತ್ತು ಸಾಲು ಸರಿಯಬೇಕು, ಆಕಳಿಸುವ ಗುಮಾಸ್ತನಿಗೆ ಐದು. "ಆ ಚಕ್ರವನ್ನೇ ಮದುವೆಯಾಗು" ಎಂದು ಎಲ್ಲರೂ ರೇಗಿಸುತ್ತಾರೆ. ಅವನು ತಲೆ ಕೆಡಿಸಿಕೊಳ್ಳುವುದಿಲ್ಲ. ಹೋದ ವಾರ ಸೈರಾಗುಲ್ ಎಂಬ ಮುದುಕಿ, ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿಟ್ಟಿದ್ದ ಅನಾಥಾಲಯದ ಹಳೆಯ ಕೈಬರಹದ ಪಟ್ಟಿಯಲ್ಲಿ ಕಳೆದುಹೋದ ಅಕ್ಕನ ಹೆಸರು ಹುಡುಕಲು ಬಂದಳು. ಚಕ್ರಕ್ಕೆ ಬೆರಳು ತಾಗಿದರೆ ಸಾಕು, ಪುಟಗಳು ಹಾರಿಹೋಗುತ್ತಿದ್ದವು. ತೊಲೊಗೊನ್ ಒಂದು ತಿರುವಿಗೆ ಒಂದೇ ಸಾಲು ಇಟ್ಟುಕೊಟ್ಟ. ಸಂಜೆಯ ಹೊತ್ತಿಗೆ ಹೆಸರು ಸಿಕ್ಕಿತು. "ಕೈ ತಾಗಿ ಎಲ್ಲಾದ್ರೂ ಹೋಗ್ಬಿಟ್ಟಾಳು ಮಗಾ" ಎಂದು ಮುದುಕಿ ಹೆದರಿದಳು. ಅವನು ಚಕ್ರದ ವೇಗವನ್ನು ಸೊನ್ನೆಗೆ ಇಳಿಸಿದ.