ಸೊಸೆಯ ಸ್ಕ್ಯಾನಿಂಗಿಗೆ ನಂಜನಗೂಡಿಗೆ

ಎಮ್ಮೆಯ ಹಾಲು ಕರೆದು ಡೈರಿಗೆ ಹಾಕಿ ಬಂದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಮಗ ಮಹೇಶನಿಗೆ ಮುದ್ದೆ, ಉಪ್ಸಾರು ಮುಚ್ಚಿಟ್ಟು, ನಮಗೆ ಮೊಸರನ್ನ ಡಬ್ಬಿಗೆ ತುಂಬಿದೆ. ಬಸುರಿನ ತಪಾಸಣೆ ಬರೆಯುವ ‘ತಾಯಿ ಕಾರ್ಡು’ ಹಿಡಿದು, ನಾನೂ ಸೊಸೆ ಸುಧಾಳೂ ಎಂಟೂವರೆಗೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸು ಹತ್ತಿದೆವು. ಅವಳಿಗೆ ಮೂರು ತಿಂಗಳು ತುಂಬಿತ್ತು. ಅದು ಮೊದಲ ಸ್ಕ್ಯಾನಿಂಗು.

ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಸೀಟು ಸಿಕ್ಕಿದ್ದು ಹಿಂದೆ. ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿದು ಬರಬೇಕು ಎಂದು ಸೆಂಟರಿನವರು ಹೇಳಿದ್ದರಿಂದ ಸುಧಾ ದಾರಿಯಲ್ಲೇ ಒಂದು ಬಾಟಲಿ ಮುಗಿಸಿದಳು. ಹಂಪ್ಸ್ ಬಂದಾಗೆಲ್ಲ ನನ್ನ ತೋಳು ಹಿಡಿಯುತ್ತಿದ್ದಳು.

"ಇನ್ನೊಂದು ಅಂಪ್ಸ್ ಬಂದ್ರೆ ಸೀಟೆಲ್ಲ ಒದ್ದೆ ಕಣತ್ತೆ."

"ತಡ್ಕೊ ಮಗಾ, ಕಂಡಕ್ಟ್ರು ಇಳಿಸ್ಬುಟ್ಟಾನು."

ಇಬ್ಬರೂ ನಕ್ಕೆವು. ಮೋಡವಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು.

ನಂಜನಗೂಡಿನ ಬಸ್ ಸ್ಟ್ಯಾಂಡಿನಿಂದ ಸ್ಕ್ಯಾನಿಂಗ್ ಸೆಂಟರಿಗೆ ಹತ್ತು ನಿಮಿಷದ ನಡಿಗೆ. ಗಂಡೋ ಹೆಣ್ಣೋ ಹೇಳುವುದು ಅಪರಾಧ ಎಂದು ಗೋಡೆಯ ಮೇಲೆ ಬೋರ್ಡಿತ್ತು. ಡಾಕ್ಟರಮ್ಮ ಪರದೆಯಲ್ಲಿ ಕೂಸಿನ ಕೈಕಾಲು ತೋರಿಸಿದರು. ಆಮೇಲೆ ಮಾತು ನಿಲ್ಲಿಸಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿ ನೋಡತೊಡಗಿದರು. ಆ ಬೋರ್ಡಿಗೆ ಹೆದರಿ ಸುಮ್ಮನಾದರು ಅಂದುಕೊಂಡೆ.

"ಗಂಡೋ ಎಣ್ಣೋ ನಾವು ಕೇಳಾಕಿಲ್ಲ ಮೇಡಂ, ನೀವು ಮಾತಾಡಿ" ಎಂದೆ.

ಅವರು ನಗಲಿಲ್ಲ. "ಅದಲ್ಲಮ್ಮ. ಮಗುವಿನ ಬೆನ್ನುಮೂಳೆ ಸೊಂಟದ ಹತ್ರ ಮುಚ್ಚಿಕೊಂಡಿಲ್ಲ ಅನ್ಸುತ್ತೆ. ಸ್ಪೈನಾ ಬೈಫಿಡಾ ಅಂತಾರೆ. ಇಷ್ಟು ಬೇಗ ಪಕ್ಕಾ ಹೇಳೋಕಾಗಲ್ಲ. ಸೋಮವಾರ ಮೈಸೂರಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿ."

ಕಾಲಿಗೆ ಬಲ ಬಾರದೆ ಹೋಗಬಹುದು, ಉಚ್ಚೆಯ ಹಿಡಿತ ಇರದೆ ಹೋಗಬಹುದು, ತಲೆಯಲ್ಲಿ ನೀರು ತುಂಬಬಹುದು. ಆಪರೇಷನ್ ಉಂಟು, ಎಷ್ಟು ಸರಿಹೋದೀತೆಂದು ಈಗಲೇ ಹೇಳಲಾಗದು. ಉಳಿಸಿಕೊಳ್ಳುವುದೋ ಬೇಡವೋ ಸುಧಾಳೇ ಯೋಚಿಸಬೇಕು ಎಂದರು.

"ಕಾಲಾಡುಸ್ತಾ ಐತಲ್ಲ ಮೇಡಂ?" ಎಂದಳು ಸುಧಾ.

"ಈಗ ಆಡಿಸುತ್ತೆ ಕಣಮ್ಮ."

ಹಿಂದಿರುಗುವಾಗ ಮಳೆ ಹನಿಯಿತು. ಅವಳು ನನ್ನ ತೋಳು ಹಿಡಿಯಲಿಲ್ಲ. ಪ್ರತಿ ಹಂಪ್ಸಿಗೂ ಮುಂದಿನ ಸೀಟಿನ ಕಂಬಿ ಹಿಡಿದು, ಪೆಟ್ಟು ತಾಗದಂತೆ ಸ್ವಲ್ಪ ಮೇಲೇಳುತ್ತಿದ್ದಳು.

"ಮೈಸೂರ್ನಲ್ಲೂ ಇದ್ನೇ ಏಳುದ್ರೆ?"

"ನಿನ್ ಮನ್ಸಿಗೆ ಬಂದಂಗೆ ಮಾಡು. ಮಹೇಶನ್ ತಾವ ನಾನ್ ಮಾತಾಡ್ತೀನಿ."

"ನೀವೇನಂತೀರಿ ಅತ್ತೆ?"

ಹನಿ ಒಳಗೆ ಬೀಳುತ್ತಿತ್ತು, ಎದ್ದು ಅವಳ ಕಡೆಯ ಕಿಟಕಿ ಎಳೆದು ಮುಚ್ಚಿದೆ.

ಮನೆಗೆ ಬಂದು ಮಹೇಶನಿಗೆ ಎಲ್ಲ ಹೇಳಿದೆ. ಸೋಮವಾರ ತಾನೂ ಬರುತ್ತೇನೆ ಎಂದ. ಡಬ್ಬಿಯ ಮೊಸರನ್ನ ಹುಳಿ ಬಂದಿತ್ತು, ಎಮ್ಮೆಗೆ ಹಾಕಿದೆ. ರಾತ್ರಿಗೆ ಅನ್ನ, ಬೇಳೆಸಾರು. ಸುಧಾ ನಾಲ್ಕು ತುತ್ತು ತಿಂದು, ಬಸುರಿಗೆಂದು ಕೊಟ್ಟ ದಿನದ ಮಾತ್ರೆ ನುಂಗಿದಳು. ಮೊದಲು ನಿದ್ದೆ ಹೋದವಳು ಅವಳೇ. ಕೂಸಿಗೆ ಒಳ್ಳೆಯದು, ಬಸುರಿಯರು ಹೀಗೇ ಮಲಗಬೇಕು ಎಂದು ನಾನು ಹೇಳಿಕೊಟ್ಟಿದ್ದ ಹಾಗೇ, ಎಡಮಗ್ಗುಲಿಗೆ ಮಲಗಿದ್ದಳು.